ಬಗ್ಗದ ಮೊಣಕಾಲಿನ ಅಳತೆ

"ಏಯ್ ಹುಡುಗೀ! ನೀನು ಪ್ಯಾಂಟ್ ಮಾರ್ತೀಯೋ, ಇಲ್ಲಾ ಹೆಣಕ್ಕೆ ಬಟ್ಟೆ ಹೊಲೀತೀಯೋ?"

ಬೆಟ್ಟನಾಡಿನ ಓಶ್ ಪೇಟೆಯ ಆ ಅಂಗಡಿ ಸಾಲು ಒಂದೇ ಏಟಿಗೆ ತೆಪ್ಪಗಾಯಿತು. ಮಾಂಸ ತುಂಬಿದ ಬಿಸಿ ಸಂಸಾ ಕಚ್ಚುತ್ತಿದ್ದವನು ಬಾಯಿ ತೆರೆದುಕೊಂಡೇ ತಿರುಗಿದ. ಬೂಟು ಮಾರುವವರು, ಹೆಲ್ಮೆಟ್ ಮಾರುವವರು, ಚಹಾ ಹೊರುವವಳು... ಎಲ್ಲರ ಕಣ್ಣೂ ಜಿಪಾರಾಳ ಅಂಗಡಿಯ ಮೇಲೆ.

ಅಂಗಡಿ ಅಂದರೇನು, ಒಂದು ಹಳೆಯ ಕಬ್ಬಿಣದ ಕಂಟೇನರು. ಒಳಗೆ ಹೊಲಿಗೆ ಯಂತ್ರ, ಗೋಡೆ ತುಂಬ ಬೈಕ್ ಸವಾರರ ಪ್ಯಾಂಟುಗಳು. ಬಾಗಿಲಲ್ಲಿ, ಈಗ ಕೂಗಿದವನು. ಬೆನ್ನ ಹಿಂದೆ ನಾಲ್ಕೈದು ಜನ ಸವಾರರು. ಅವನ ಕೈಯಲ್ಲಿದ್ದದ್ದು ಹಿಂದಿನ ದಿನ ಅವಳೇ ಮಾರಿದ್ದ ಪ್ಯಾಂಟು. ಅದರ ಮೊಣಕಾಲಿನ ಜೇಬಿನಿಂದ ಕಪ್ಪು ಪ್ಯಾಡನ್ನು ಕಿತ್ತು ತೆಗೆದು, ಎರಡೇ ಬೆರಳಲ್ಲಿ ಹಿಟ್ಟಿನ ಹಾಗೆ ಹಿಚುಕಿ ಎಲ್ಲರಿಗೂ ತೋರಿಸಿದ.

"ನೋಡ್ರಪ್ಪಾ, ಇದಂತೆ ಮೊಣಕಾಲಿನ ಕವಚ! ಪಾತ್ರೆ ತಿಕ್ಕೋಕೂ ಬರಲ್ಲ ಇದು. ಇದನ್ನ ನಂಬ್ಕೊಂಡು ನಮ್ಮ ಹುಡುಗ ಬೆಟ್ಟ ಹತ್ತಬೇಕಂತೆ!"

ಹೋ ಎಂದು ನಕ್ಕರು. ಜಿಪಾರಾಳ ಕಿವಿ ಕೆಂಪಾಯಿತು. ಹೋಲ್‌ಸೇಲಿನವನು 'ಗಟ್ಟಿ ಮಾಲು' ಎಂದಿದ್ದ, ಅವಳು ನಂಬಿದ್ದಳು. ಅಷ್ಟೇ ಅವಳ ತಪ್ಪು. ಅದಕ್ಕೆ ಪೇಟೆಯ ನಡುವೆ ಹೀಗೆ ಮಾನ ಕಳೆಯಬೇಕಾ?

"ನಿನ್ನ ನಾಲಿಗೆಗೂ ಒಂದು ಕವಚ ಹೊಲಿದು ಕೊಡ್ಲಾ? ಅಳತೆ ಕೊಟ್ಟು ಹೋಗು!"

ಈಗ ನಗು ಅವನ ಕಡೆ ತಿರುಗಿತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸಿಟ್ಟಿಗೆ ಬ್ರೇಕ್ ಎಲ್ಲಿದೆ? ಒಂದು ಕಾಲನ್ನು ನೇರ ಚಾಚಿ, ಬಾಗಿಲಿಗೆ ಒರಗಿ ನಿಂತಿದ್ದ ಅವನ ಗತ್ತು ಕಂಡು ಅವಳ ಮೈಯೆಲ್ಲ ಉರಿಯಿತು.

"ನಿಂತಿರೋ ಜೋರು ನೋಡು, ಖಾನನ ಮಗ! ಆ ಮೊಣಕಾಲು ಒಂಚೂರು ಬಗ್ಗಿಸಿದ್ರೆ ನಿನ್ನ ಜಂಭ ಮುರಿದುಹೋಗುತ್ತಾ?"

ನಗು ನಿಂತಿತು.

ಅವನ ಜೊತೆಗಾರರು ನೆಲ ನೋಡಿದರು. ಅವನು ಪ್ಯಾಂಟನ್ನು ಮೆಲ್ಲಗೆ ಮಡಚಿ ಮೇಜಿನ ಮೇಲಿಟ್ಟು ತಿರುಗಿ ನಡೆದ.

ಆಗ ಕಂಡಿತು ಅವಳಿಗೆ... ಅವನ ಬಲಗಾಲು ಬಗ್ಗುತ್ತಿರಲಿಲ್ಲ. ಮರದ ತುಂಡಿನ ಹಾಗೆ ಅದನ್ನು ಸೊಂಟದಿಂದ ಎತ್ತಿ ಎತ್ತಿ ಇಡುತ್ತಿದ್ದ.

'ಅಯ್ಯೋ... ನಾನೇನು ಅಂದುಬಿಟ್ಟೆ!'

* * *

"ಬಾಯಿ ಇದೆ ಅಂತ ಬಡಕೊಂಡ್ಯಲ್ಲೇ!" ಪಕ್ಕದಲ್ಲಿ ಬೂಟು ಮಾರುವ ಶಾರ್ಕಾನ್ ಎಜೆ ಬೈದಳು. ಹೆಸರಿಗೆ 'ಎಜೆ', ಅಂದರೆ ಹಿರಿಯಕ್ಕ; ಬಾಯಿಯಲ್ಲಿ ಇಡೀ ಸಾಲಿಗೇ ಅತ್ತೆ. "ಅವನು ಕುಬತ್. ಹೊರಗಿನ ಸವಾರರನ್ನ ಬೆಟ್ಟ ದಾಟಿಸೋನು. ಕುದುರೆ ಮೇಲೆ ಕೂತು ಆಡಿನ ಹೆಣ ಎಳೆದಾಡೋ ಆಟದಲ್ಲಿ ಅವನ ಮುಂದೆ ಒಬ್ಬ ನಿಲ್ತಿರಲಿಲ್ಲ, ಗೊತ್ತಾ? ಹೋದ ವರ್ಷ ಜಲ್ಲಿ ರಸ್ತೆಯಲ್ಲಿ ಬೈಕ್ ಜಾರ್ತು. ಜೋರಾಗೂ ಹೋಗ್ತಿರಲಿಲ್ಲ. ಮೊಣಕಾಲಿಗೆ ಇಂಥದ್ದೇ ಸ್ಪಾಂಜ್ ಕಟ್ಕೊಂಡಿದ್ದ. ಇದೇ ಸಾಲಲ್ಲಿ ಕೊಂಡದ್ದು."

ಜಿಪಾರಾ ಒಳಗಿಂದ ಸುತ್ತಿಗೆ ತಂದಳು. ಒಂದು ಅಕ್ರೋಟನ್ನು ಕಲ್ಲಿನ ಮೇಲಿಟ್ಟಳು. ಅದರ ಮೇಲೆ ತನ್ನ ಅಂಗಡಿಯ ಪ್ಯಾಡ್ ಮುಚ್ಚಿ ಸುತ್ತಿಗೆಯಿಂದ ಹೊಡೆದಳು. ತೆಗೆದು ನೋಡಿದರೆ ಅಕ್ರೋಟು ಪುಡಿಪುಡಿ. ಇನ್ನೊಂದು ಪ್ಯಾಡ್. ಪುಡಿ. ಮತ್ತೊಂದು... ಅದೂ ಪುಡಿ!

ಎಷ್ಟು ಜನರ ಮೊಣಕಾಲಿಗೆ ಇದನ್ನು ಕಟ್ಟಿ ಕಳಿಸಿದ್ದೇನೆ? ಅವರೆಲ್ಲ ಈಗ ಯಾವ ತಿರುವಿನಲ್ಲಿದ್ದಾರೆ? ವಾಪಸ್ ಕರೆಯಲು ದಾರಿ ಉಂಟಾ? ಇಲ್ಲ.

ಅವತ್ತೇ ಎಲ್ಲ ಪ್ಯಾಡುಗಳನ್ನೂ ಕಿತ್ತು ಗೋಣಿಗೆ ತುಂಬಿದಳು. ಶಾರ್ಕಾನ್ ಎಜೆಯ ಕೈಯಲ್ಲಿ ಕುಬತ್‌ಗೆ ಒಂದೇ ಮಾತು ಹೇಳಿ ಕಳಿಸಿದಳು: 'ನನ್ನದು ತಪ್ಪಾಯ್ತು. ಸರಿಯಾದ್ದು ಹೇಗಿರುತ್ತೆ ಅಂತ ಹೇಳಿಕೊಡಿ.'

ಅವನು ಬರುವುದಿಲ್ಲ ಎಂದೇ ಅಂದುಕೊಂಡಿದ್ದಳು. ಬಂದ! ವಾರ ಕಳೆದ ಮೇಲೆ, ಬೈಕನ್ನು ಅಂಗಡಿಯ ಮುಂದೆಯೇ ನಿಲ್ಲಿಸಿದ. ಶಾರ್ಕಾನ್ ಎಜೆ ಆ ಗೋಣಿಯನ್ನೇ ಮೆತ್ತೆ ಮಾಡಿಕೊಂಡು ಕೂತಿದ್ದಳು.

"ಅಂತೂ ಆ ಮಾಲಿಗೆ ಸರಿಯಾದ ಜಾಗ ಸಿಕ್ತು," ಎಂದ.

"ನನಗಿದು ಸಾಕಪ್ಪಾ. ನಾನು ಕೂತಲ್ಲಿಂದ ಬೀಳೋ ಪೈಕಿ ಅಲ್ಲ!"

ಜಿಪಾರಾಳಿಗೆ ನಗು ಬಂತು, ಅಳುವೂ ಬಂತು. "ಅವತ್ತು ನಾನು... ನಿಮ್ಮ ಕಾಲಿನ ವಿಷಯ ಗೊತ್ತಿರಲಿಲ್ಲ..."

"ಗೊತ್ತಿದ್ದು ಸುಮ್ಮನಿರೋರೇ ಜಾಸ್ತಿ. ನೀನು ಅಂದೆ, ಮುಗೀತು." ಅವನು ಚೀಲದಿಂದ ಒಂದು ಕವಚ ತೆಗೆದ. ಮೇಲೆ ಗಟ್ಟಿ ಚಿಪ್ಪು, ಒಳಗೆ ದಪ್ಪನೆಯ ಮೆತ್ತೆ. "ಇದನ್ನ ಹೊಡಿ."

ಹೊಡೆದಳು. ಕೆಳಗಿಟ್ಟ ಅಕ್ರೋಟು ಹಾಗೇ ಇತ್ತು.

"ಇದನ್ನೇ ಹಾಕಿ ಹೊಲಿದ್ರೆ ಆಯ್ತಲ್ಲ?"

"ಆಗಲ್ಲ. ನೀವು ದರ್ಜಿಗಳು ಅಳತೆ ಹೇಗೆ ತಗೋತೀರಿ?"

"ಗಿರಾಕಿನ ನಿಲ್ಲಿಸ್ಕೊಂಡು."

"ಅದೇ ತಪ್ಪು. ನಾವೇನು ನಿಂತ್ಕೊಂಡು ಬೀಳ್ತೀವಾ? ಬೈಕ್ ಮೇಲೆ ಕೂತು ಬೀಳ್ತೀವಿ. ಕೂತಾಗ ಪ್ಯಾಂಟ್ ಮೇಲಕ್ಕೆ ಎಳೆಯುತ್ತೆ, ಕವಚ ತೊಡೆಗೆ ಹತ್ತುತ್ತೆ. ಮೊಣಕಾಲು ಬೆತ್ತಲೆ! ಒಳ್ಳೇ ಕವಚ ಇದ್ದೂ ಕಾಲು ಕಳ್ಕೊಂಡೋರು ಇದಾರೆ."

ಅವನು ಬೈಕ್ ಹತ್ತಿ ಕೂತ. ಅವಳು ಅಳತೆ ಪಟ್ಟಿ ಹಿಡಿದು ಪೇಟೆಯ ನೆಲದ ಮೇಲೆ, ಅವನ ಪಕ್ಕದಲ್ಲಿ ಮಂಡಿಯೂರಿದಳು. ಸುತ್ತ ನೂರು ಕಣ್ಣು. ನೋಡಿದರೆ ನೋಡಲಿ!

ಅವನ ಬಲಗಾಲು, ಮುಂದಕ್ಕೆ ಸರಿಸಿ ಜೋಡಿಸಿದ ಪೆಡಲಿನ ಮೇಲೆ ಇಡುವಷ್ಟು, ಒಂಚೂರು ಮಾತ್ರ ಬಗ್ಗುತ್ತಿತ್ತು. ಅದರಾಚೆ ಇಲ್ಲ. ಬಟ್ಟೆಯ ಮೇಲಿನಿಂದಲೇ ಅವಳ ಬೆರಳಿಗೆ ಗಾಯದ ಗಂಟುಗಳು ಸಿಕ್ಕವು. ಅವನು ಬೆಚ್ಚಿದ.

"ನೋವಾಯ್ತಾ?"

"ಇಲ್ಲ..." ಅವನು ಬೇರೆ ಕಡೆ ನೋಡಿದ. "ಯಾರೂ ಮುಟ್ಟಿ ಬಹಳ ದಿನ ಆಯ್ತು. ಡಾಕ್ಟರ್ ಬಿಟ್ರೆ."

ಅವಳು ಪಟ್ಟಿಯ ಕಡೆ ಬಗ್ಗಿದಳು. ಯಾವ ಅಂಕಿ ಓದಿದಳೋ! ಮತ್ತೆ ಅಳೆದಳು. ಮತ್ತೆ ಅಳೆದಳು...

"ಎಷ್ಟು ಸಲ ಅಳೀತೀಯೇ? ಬೆಳೀತಾ ಇದೆಯಾ ಅದು?" ಎಂದಳು ಶಾರ್ಕಾನ್ ಎಜೆ.

* * *

ಆ ಪ್ಯಾಂಟನ್ನು ಹೊಲಿದ ಹಾಗೆ ಜಿಪಾರಾ ಬೇರೆ ಯಾವುದನ್ನೂ ಹೊಲಿದಿರಲಿಲ್ಲ. ಉಜ್ಜಿದರೂ ಹರಿಯದ ದಪ್ಪ ಬಟ್ಟೆ. ಕವಚದ ಜೇಬು ನಾಲ್ಕು ಬೆರಳು ಕೆಳಗೆ. ಹಿಂಬದಿಗೆ ಎರಡು ಪಟ್ಟಿ, ಕವಚ ಜಾರದ ಹಾಗೆ. ಚರ್ಮಕ್ಕೆ ತಾಗುವ ಕಡೆ ತೆಳ್ಳನೆಯ ಉಣ್ಣೆಕಂಬಳಿ, ಗಾಯದ ಗಂಟುಗಳಿಗೆ ಒತ್ತದಿರಲೆಂದು.

ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಅವನ ಮನೆಗೇ ಹೋದಳು. ಅಂಗಳದ ಮಂಚದ ಮೇಲೆ ದಸ್ತರ್ಖಾನ್ ಎಂಬ ಊಟದ ಬಟ್ಟೆ ಹಾಸಿ ನೆಂಟರು ಚಹಾ ಕುಡಿಯುತ್ತಿದ್ದರು. ನಾಚಿಕೆಗೆ ಕುಬತ್‌ನ ಕೈಗೆ ಕೊಡಲಾಗದೆ, ಗಂಟನ್ನು ಅವನ ತಾಯಿ ಸಾಲ್ಕಿನ್ ಅಪಾಳ ಮಡಿಲಲ್ಲಿ ಇಟ್ಟುಬಿಟ್ಟಳು.

ನೆಂಟರ ಕೈಯ ಬಟ್ಟಲುಗಳು ಕೆಳಗಿಳಿದವು.

ಹುಡುಗಿಯ ಕಡೆಯಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಉಡುಪು, ಹುಡುಗನ ತಾಯಿಯ ಮಡಿಲಿಗೆ, ನೆಂಟರ ಎದುರು! ಅದಕ್ಕೆ ಅವರಲ್ಲಿ ಇರುವುದು ಒಂದೇ ಅರ್ಥ. ಸಂಬಂಧ ಕುದುರಿದಾಗ ಕೊಡುವ ಉಡುಗೊರೆ ಅದು. ದಾರಿಯುದ್ದಕ್ಕೂ ಜಿಪಾರಾಳಿಗೆ ಅದು ಹೊಳೆದೇ ಇರಲಿಲ್ಲ. ಅಥವಾ ಹೊಳೆದಿತ್ತಾ?

ಸಾಲ್ಕಿನ್ ಅಪಾಳ ಕಣ್ಣಲ್ಲಿ ನೀರು ತುಂಬಿತು. "ಬಾ ನನ್ನ ಕಂದಾ... ಬಾ ನನ್ನ ಸೊಸೇ..." ತನ್ನ ಕಿವಿಯ ಓಲೆ ಬಿಚ್ಚಿದಳು, ಜಿಪಾರಾಳ ಕಿವಿಯ ಹತ್ತಿರ ತಂದಳು. ಓಲೆ ತೊಡಿಸಿದರೆ ಮುಗಿಯಿತು, ನಿಶ್ಚಯವಾದ ಹಾಗೆ.

ಜಿಪಾರಾ ಹಿಂದೆ ಸರಿಯಲಿಲ್ಲ. 'ತೊಡಿಸಲಿ... ದೇವರೇ, ತೊಡಿಸಲಿ!'

"ಅಪಾ, ಬಿಡು!" ತಾಯಿಯನ್ನು ತಡೆಯುತ್ತ ಕುಬತ್ ಎದ್ದು ನಿಂತಿದ್ದ. ಮುಖ ಬೂದಿಯಾಗಿತ್ತು. "ಅದು ಪ್ಯಾಂಟು. ಬರೀ ಪ್ಯಾಂಟು. ಬೇರೆ ಏನೂ ಅಲ್ಲ!"

ಯಾರೋ ಕೆಮ್ಮಿದರು. ಓಲೆ ಗಾಳಿಯಲ್ಲೇ ನಿಂತಿತು.

ಜಿಪಾರಾ ಹೇಗೆ ಗೇಟು ದಾಟಿದಳೋ ಅವಳಿಗೇ ತಿಳಿಯದು.

* * *

"ಕುಬತ್‌ದು ಹಿಮ ಬೀಳೋ ಮುಂಚಿನ ಕೊನೇ ಬೆಟ್ಟದ ಸುತ್ತಂತೆ. ಬೆಳಿಗ್ಗೆ ಹೊರಡ್ತಾರೆ," ಎಂದಳು ಶಾರ್ಕಾನ್ ಎಜೆ.

"ಹೋಗಲಿ. ನನಗೇನು?"

ಹಾಗೆಂದವಳು ಮನೆಗೆ ಬಂದು ಗೋಡೆ ನೋಡುತ್ತ ಕೂತಳು. ಮೊಳೆಗೆ ತೂಗುಹಾಕಿದ ತಂದೂರ್ ರೊಟ್ಟಿ ಅಲ್ಲಿತ್ತು. ದೂರ ಹೊರಟವರು ರೊಟ್ಟಿಯ ಒಂದು ತುತ್ತು ಕಚ್ಚಿ ಹೋಗಬೇಕು. ಉಳಿದದ್ದು ಅವರ ಋಣ. ತಿರುಗಿ ಬಂದು ತಾವೇ ತಿಂದು ಮುಗಿಸಬೇಕು. ರಷ್ಯಾಗೆ ದುಡಿಯಲು ಹೋದ ಅಪ್ಪ ಕಚ್ಚಿದ ರೊಟ್ಟಿ ಅದು. ಕಲ್ಲಾಗಿತ್ತು. ಅಪ್ಪ ಬರಲಿಲ್ಲ, ಫೋನೂ ನಿಂತಿತು. ಅಮ್ಮ ಇವತ್ತಿಗೂ ಅದರ ಧೂಳು ಒರೆಸುತ್ತಾಳೆ. ಕಾಯುವುದು ಬಿಟ್ಟು ಬೇರೇನೂ ಮಾಡಲಾಗದ ಹೆಂಗಸು ಇನ್ನೇನು ಒರೆಸಿಯಾಳು?

'ನನಗೆ ಆ ಬಾಳು ಬೇಡ... ಬೇಡವೇ ಬೇಡ!'

ಬೆಳಕು ಹರಿಯುತ್ತಲೇ ಅವನ ಗೇಟಿನ ಮುಂದೆ ನಿಂತಿದ್ದಳು.

ಬೈಕುಗಳು ಬೀದಿಯಲ್ಲಿ ಸಾಲಾಗಿ ಗುರುಗುಡುತ್ತಿದ್ದವು. ಕುಬತ್ ಕೈಗವಸು ಹಾಕಿಕೊಳ್ಳುತ್ತ ಹೊರಬಂದ. ಅವನು ತೊಟ್ಟದ್ದು ಅವಳು ಹೊಲಿದ ಪ್ಯಾಂಟನ್ನೇ!

ಒಂದು ಗಳಿಗೆ ಅವಳ ಎದೆ ಅರಳಿತು. ಮರುಗಳಿಗೆಗೆ ಸಿಟ್ಟು ನೆತ್ತಿಗೇರಿತು.

"ಬರೀ ಪ್ಯಾಂಟಾ? ಅಷ್ಟು ಜನರ ಎದುರು... ಬರೀ ಪ್ಯಾಂಟಾ ಅದು?"

"ಮೆಲ್ಲಗೆ, ಜಿಪಾರಾ..."

"ಮೆಲ್ಲಗೆ ಯಾಕೆ? ನೀನು ನನ್ನನ್ನ ಮೆಲ್ಲಗೆ ಬೈದಿದ್ಯಾ?"

ಅವನು ತಲೆ ತಗ್ಗಿಸಿದ. "ನನ್ನ ಅಪ್ಪನ ಗೋರಿ ಮುಂದೆ ಮಂಡಿಯೂರೋಕೆ ಆಗಲ್ಲ ನನಗೆ. ಮನೆಯಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂರೋಕೆ ಆಗಲ್ಲ. ನೆಲದ ಮೇಲೆ ನಾನು ಕುಂಟ. ಬೈಕ್ ಮೇಲೆ ಕೂತಾಗ ಮಾತ್ರ ಎಲ್ಲರ ಹಾಗೆ. ಇನ್ನೊಂದು ಸಲ ಬಿದ್ರೆ ಈ ಮೊಣಕಾಲನ್ನ ಪೂರ್ತಿ ಬೆಸೆದುಬಿಡ್ತಾರಂತೆ. ಅಂಥೋನ ಮನೆಗೆ ನಿನ್ನ ಕರ್ಕೊಂಡು ಬಂದು ಏನು ಮಾಡ್ಲಿ, ಹೇಳು? ನನ್ನ ತೋಳು ಹಿಡ್ಕೊಂಡು ನಡೆಸ್ತಾ ಮುದುಕಿ ಆಗ್ತೀಯಾ?"

"ಆಗ್ತೀನಿ!"

ಬೀದಿಯ ಬೈಕುಗಳೆಲ್ಲ ಒಂದೊಂದಾಗಿ ಆರಿದವು. ಜೊತೆಗಾರರು ಕಿವಿ ನೆಟ್ಟಗೆ ಮಾಡಿಕೊಂಡು ಆಕಾಶ ನೋಡುತ್ತಿದ್ದರು.

"ಆಗ್ತೀನಿ, ಅಂದೆ. ನಿನ್ನ ಮೊಣಕಾಲು ಎಷ್ಟು ಬಗ್ಗುತ್ತೆ ಅಂತ ನನ್ನ ಬೆರಳಿಗೆ ಗೊತ್ತು. ನಾನು ಮಂಡಿಯೂರಿದ್ದೆನಲ್ಲ, ಇಡೀ ಪೇಟೆ ಮುಂದೆ? ಇಬ್ಬರೂ ಯಾಕೆ ಊರಬೇಕು? ಒಬ್ಬರು ಸಾಲಲ್ವಾ?" ಅವಳ ದನಿ ಒಡೆಯಿತು. "ಹೋಗಬೇಡ, ಕುಬತ್..."

"ನಾನಿಲ್ಲದಿದ್ರೂ ಇವರು ಹೋಗ್ತಾರೆ. ದಾರಿ ಗೊತ್ತಿರೋನು ನಾನೊಬ್ಬನೇ."

ಅವಳು ಹೊಲಿಯಬಲ್ಲಳು, ಕವಚ ಕೂರಿಸಬಲ್ಲಳು. ಜಲ್ಲಿ ಗುಡಿಸಲಾರಳು. ಹಿಮ ತಡೆಯಲಾರಳು. ಯಾರಿಂದ ಆದೀತು ಹೇಳಿ?

ಕಣ್ಣೊರೆಸಿಕೊಂಡಳು. ಬಗ್ಗಿ, ಅವನ ಮೊಣಕಾಲಿನ ಹಿಂದಿನ ಪಟ್ಟಿಯನ್ನು ಒಂದು ಸುತ್ತು ಬಿಗಿ ಮಾಡಿದಳು.

"ಹೀಗೆ ಕಟ್ಕೋಬೇಕು. ಸಡಿಲ ಬಿಡಬಾರದು." ಎದ್ದು ನಿಂತು ಕೇಳಿದಳು: "ಒಂದೇ ಒಂದು ಹೇಳಿ ಹೋಗು. ಇದನ್ನ ಮೊಣಕಾಲಿಗೋಸ್ಕರ ಹಾಕ್ಕೊಂಡಿದ್ದೀಯಾ... ನನಗೋಸ್ಕರ ಹಾಕ್ಕೊಂಡಿದ್ದೀಯಾ?"

ಅವನು ಗೇಟಿನ ಕಡೆ ತಿರುಗಿದ.

ಗೇಟಿನ ಹತ್ತಿರ ಸಾಲ್ಕಿನ್ ಅಪಾ ಬಿಸಿ ರೊಟ್ಟಿ ಹಿಡಿದು ಕಾಯುತ್ತಿದ್ದಳು. ಕುಬತ್ ಹೋಗಿ ತಾಯಿಯ ಕೈಯಿಂದ ರೊಟ್ಟಿ ತೆಗೆದುಕೊಂಡ. ಅಂಚಿನಲ್ಲಿ ಒಂದು ತುತ್ತು ಕಚ್ಚಿದ. ತಾಯಿ ಉಳಿದದ್ದಕ್ಕೆ ಕೈ ಚಾಚಿದಳು. ಕಚ್ಚಿದ ರೊಟ್ಟಿ ಮನೆಯವರ ಕೈಯಲ್ಲೇ ಉಳಿಯಬೇಕು, ಬೇರೆಯವರಿಗೆ ಕೊಡುವಂತಿಲ್ಲ.

ಅವನು ಕೊಡಲಿಲ್ಲ. ಆ ಕಾಲೆಳೆದುಕೊಂಡು ಜಿಪಾರಾಳ ತನಕ ನಡೆದು ಬಂದ. ಅವಳ ಎರಡೂ ಅಂಗೈ ಬಿಡಿಸಿ, ನಡುವೆ ಆ ರೊಟ್ಟಿ ಇಟ್ಟು, ಅವಳ ಬೆರಳುಗಳನ್ನು ತಾನೇ ಮಡಚಿದ.

ಹಿಂದೆ ಸಾಲ್ಕಿನ್ ಅಪಾ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು.

ರೊಟ್ಟಿ ಇನ್ನೂ ಸುಡುತ್ತಿತ್ತು. ಅವನ ಹಲ್ಲಿನ ಗುರುತು ಅರ್ಧಚಂದ್ರದ ಹಾಗೆ ಇತ್ತು. ಜಿಪಾರಾಳ ಕಣ್ಣ ಮುಂದೆ ಮೊಳೆ ಬಂತು, ಗೋಡೆ ಬಂತು, ಧೂಳು ಒರೆಸುವ ಅಮ್ಮ ಬಂದಳು. ಆದರೂ ರೊಟ್ಟಿಯನ್ನು ಎದೆಗೆ ಒತ್ತಿಕೊಂಡಳು.

"ನಾನಿದನ್ನ ಗೋಡೆಗೆ ಹಾಕಲ್ಲ, ಕೇಳಿಸ್ತಾ?" ಅವನ ಬೆನ್ನಿಗೆ ಕೂಗಿದಳು. "ಬಟ್ಟೆ ಸುತ್ತಿ ಇಟ್ಕೊಂಡಿರ್ತೀನಿ. ಒಣಗೋ ಮುಂಚೆ ಬರಬೇಕು ನೀನು! ಬರ್ತೀಯಲ್ಲ? ಕುಬತ್... ಬರ್ತೀಯಲ್ಲ?"

ಅವನು ಬಲಗಾಲನ್ನು ಸೊಂಟದಿಂದ ಎತ್ತಿ ಎತ್ತಿ ಇಡುತ್ತ, ಬೈಕಿನ ಕಡೆ ನಡೆದುಹೋದ.