ಒಣಗದ ಪಂಚೆ

ಅನ್ನ ಹಾಕೋ ಸ್ಪ್ಯಾನರ್ ಮೇಲಾಣೆ, ಇದು ಜಯನಗರದಲ್ಲಿ ಮಟಮಟ ಮಧ್ಯಾಹ್ನ ನಡೆದದ್ದು. ನಾನು ಎಸಿ ರಿಪೇರಿಯವನು. ವಾರಿಜಮ್ಮನವರ ಬಾಲ್ಕನಿಯಲ್ಲಿ ಔಟ್‌ಡೋರ್ ಯೂನಿಟ್ ತೊಳೆಯಲು ಹೋಗಿದ್ದೆ. ಅದರ ಬಿಸಿಗಾಳಿಗೆ ಒದ್ದೆ ಪಂಚೆಯೊಂದನ್ನು ಹರವಿದ್ದರು. ಕರೆಂಟ್ ತೆಗೆದು, ಫ್ಯಾನನ್ನೂ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡೆ. ಆದರೂ ಖಾಲಿ ಗೂಡಿನಿಂದ ಬಿಸಿಗಾಳಿ ಬರುತ್ತಲೇ ಇತ್ತು, ನಶ್ಯದ ವಾಸನೆ ಬೇರೆ.

"ಅಮ್ಮಾ, ಯಾರದು ಈ ಪಂಚೆ?"

"ನಮ್ಮೆಜಮಾನ್ರದು ಕಣಪ್ಪ. ತೀರ್ಕೊಂಡು ವರ್ಷ ಆಯ್ತು. ದಿನಾ ಇಲ್ಲೇ ಒಣಗಿಸ್ಕೊಳ್ತಿದ್ರು. ಈಗ್ಲೂ ಅಷ್ಟೇ, ಒಣಗೋವರ್ಗೂ ಇರ್ತಾರೆ, ಆಮೇಲೆ ಹೊರಟ್ಬಿಡ್ತಾರೆ."

ಪಂಚೆ ಒಣಗಿತು. ಗಾಳಿ ಸಣ್ಣಗಾಯಿತು. ವಾರಿಜಮ್ಮ ಅವಸರದಿಂದ ಅದನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆಯೇ ಮತ್ತೆ ಹರವಿದರು. ಗಾಳಿ ಮತ್ತೆ ಬೀಸಿತು.

ನಾನು ಫ್ಯಾನ್ ಸಮೇತ ಓಡಿ ಬಂದೆ. ಸುಳ್ಳು ಅಂತೀಯಾ? ತಗೋ ಫ್ಯಾನು, ನೀನೇ ಹೋಗಿ ಹಾಕಿ ಬಾ. ಹಾಗೇ ಪಂಚೆಗೆ ಒಂದಿಷ್ಟು ನೀರು ಚಿಮುಕಿಸು.