ಮೂರನೇ ತಂತಿಯ ಸ್ಕ್ರೂ

ನಾಲ್ಕು ಗಂಟೆಗೆ ಬಸ್ಸು. ಹನ್ನೊಂದಕ್ಕೆ ಅವಳು ಆ ಪುಟ್ಟ ರಿಪೇರಿ ಅಂಗಡಿಗೆ ನುಗ್ಗಿ, ಎಲೆಕ್ಟ್ರಿಕ್ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದಳು.

“ಮೂರನೇ ತಂತಿ ಕರಕರ ಅಂತಿದೆ. ಎರಡನೇದು ವಾರಕ್ಕೊಂದ್ಸಲ ಕಿತ್ತುಹೋಗುತ್ತೆ. ಇವತ್ತೇ ಆಗ್ಬೇಕು, ಪ್ಲೀಸ್.”

ರಿಪೇರಿಯವನು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ತಂತಿಗಳನ್ನು ಹೊರುವ ಬ್ರಿಡ್ಜಿನ ಮೇಲೆ ಬಗ್ಗಿದ. ಆರು ತಂತಿಗೆ ಆರು ಲೋಹದ ದಿಂಬು; ಒಂದೊಂದನ್ನೂ ಎತ್ತಿ ಹಿಡಿಯೋಕೆ ಅಕ್ಕಿಕಾಳಿನಷ್ಟು ಚಿಕ್ಕ ಎರಡೆರಡು ಸ್ಕ್ರೂ. ಮೂರನೆಯದರ ಒಂದು ಸ್ಕ್ರೂ ಎಲ್ಲೋ ಉದುರಿಹೋಗಿ, ದಿಂಬು ಪಕ್ಕಕ್ಕೆ ವಾಲಿತ್ತು. ಅದನ್ನು ಹಿಂದಿನಿಂದ ಒತ್ತುವ ಸ್ಪ್ರಿಂಗೂ ಇರಲಿಲ್ಲ. ಎರಡನೆಯದರಲ್ಲಿ ತಂತಿ ಕೂರುವ ಗೀರು ಸವೆದು ಬ್ಲೇಡಿನಂತಾಗಿತ್ತು.

“ಮೂರು ಗಂಟೆಗೆ ಆಗುತ್ತೆ ಮೇಡಂ.”

ಅಷ್ಟೇ. ಮೂರು ವರ್ಷದಿಂದ ಅವಳು ಬರುತ್ತಲೇ ಇದ್ದಳು. ಅವನ ಬಾಯಿಂದ ಇದಕ್ಕಿಂತ ಉದ್ದದ ಮಾತು ಬಂದದ್ದಿಲ್ಲ. ಇವತ್ತಾದರೂ ‘ಎಲ್ಲಿಗೆ ಹೊರಟಿದ್ದೀರಿ?’ ಅಂತ ಕೇಳಬಾರದೇ! ಭಾವನ ಆರ್ಕೆಸ್ಟ್ರಾ ಜೊತೆ ಆರು ತಿಂಗಳು ಊರೂರು ಸುತ್ತೋಕೆ, ಶಾಲೆಯ ಸಂಗೀತ ಪಾಠಕ್ಕೆ ರಜೆ ಹಾಕಿ ಹೊರಟಿದ್ದಳು. ಹೋದವಾರ ತಂತಿ ಕೊಳ್ಳುವ ನೆಪದಲ್ಲಿ ಬಂದು ಅದನ್ನು ಎರಡೆರಡು ಸಲ ಹೇಳಿಯೂ ಆಗಿತ್ತು. ಅವನು “ಒಳ್ಳೇದು” ಅಂದಿದ್ದ.

ಅವಳು ಬಾಗಿಲಿನವರೆಗೆ ಹೋದಳು, ವಾಪಸ್ ಬಂದಳು. ಗೋಡೆಗೆ ಒರಗಿದ್ದ ಪಿಟೀಲನ್ನು ನೋಡಿದಳು, ಗಡಿಯಾರ ನೋಡಿದಳು. ಮತ್ತೆ ಬಾಗಿಲು.

“ಕೂತ್ಕೋ ಮಗಳೇ,” ಗಲ್ಲಾದ ಹಿಂದಿದ್ದ ಅವನ ತಾಯಿ ಪೇಪರಿನಿಂದ ತಲೆಯೆತ್ತದೆ ಅಂದರು. “ನೆಲ ಸವೆದ್ರೆ ಅದನ್ನೂ ಇವನೇ ರಿಪೇರಿ ಮಾಡ್ಬೇಕಾಗುತ್ತೆ.”

ಅವನ ತುಟಿಯಂಚಿನಲ್ಲಿ ನಗೆ ಇಣುಕಿ ಓಡಿಹೋಯಿತು. ಅವಳು ಅದನ್ನು ನೋಡಿಬಿಟ್ಟಳು, ಕೂರಲಿಲ್ಲ.

ಹಳೇ ಬ್ರಿಡ್ಜು, ಅಳತೆಯ ಸ್ಕ್ರೂ ಡಬ್ಬಿಯಲ್ಲಿರಲಿಲ್ಲ. ಉದ್ದದ್ದೊಂದನ್ನು ಗರಗಸದಲ್ಲಿ ಕತ್ತರಿಸಿ, ತುದಿಯನ್ನು ಅರದಲ್ಲಿ ನುಣ್ಣಗೆ ಮಾಡಿದ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಇನ್ನೊಂದಕ್ಕೆ ಒಂದೇ ಹನಿ ಎಣ್ಣೆ ಬಿಟ್ಟು ಕೈಕಟ್ಟಿ ಕುಳಿತ. ಅವಳ ಫೋನು ಬಡಿದುಕೊಂಡಿತು. ಭಾವ. “ಬರ್ತೀನಿ, ಬರ್ತೀನಿ” ಅಂತ ಫೋನಿಟ್ಟಳು. ಅರ್ಧ ಗಂಟೆಗೆ ಮತ್ತೆ ಭಾವ.

“ತಿರುಗಿಸಬಾರದಾ ಅದನ್ನ?”

“ಈಗ ತಿರುಗಿಸಿದ್ರೆ ತಲೆ ಮುರಿಯುತ್ತೆ.”

“ಸ್ಕ್ರೂದಾ, ನಂದಾ?”

ಅವನ ಕಿವಿ ಕೆಂಪಾಯಿತು.

ಎರಡೂವರೆ. ಸ್ಕ್ರೂ ಬಿಟ್ಟುಕೊಂಡಿತ್ತು. ಹಳೇ ಬಾಲ್‌ಪೆನ್ನಿನ ಸ್ಪ್ರಿಂಗು ತುಂಡಾಗಿ, ಕಳೆದುಹೋದ ಸ್ಪ್ರಿಂಗಿನ ಜಾಗಕ್ಕೆ ಬಂದು ಕೂತಿತ್ತು. ಈಗ ಅವನು ಎರಡನೇ ದಿಂಬಿನ ಗೀರನ್ನು ಮರಳುಕಾಗದದಿಂದ ತಿಕ್ಕುತ್ತಿದ್ದ, ಮಗುವಿನ ಗಲ್ಲ ಒರೆಸುವಷ್ಟು ಮೆಲ್ಲಗೆ. ಅವಳ ತಾಳ್ಮೆ ತಪ್ಪಿತು.

“ಬೇಕಂತಲೇ ತಡ ಮಾಡ್ತಿದ್ದೀರಾ ನೀವು?”

ಮರಳುಕಾಗದ ನಿಂತಿತು. ಪೇಪರಿನ ಹಾಳೆಯ ಸದ್ದೂ ನಿಂತಿತು.

“ಇಲ್ಲ ಮೇಡಂ,” ಅವನು ತಲೆಯೆತ್ತಿ ಅವಳನ್ನೇ ನೋಡಿದ. “ತಡ ಮಾಡ್ಬೇಕು ಅಂತ ಬೆಳಿಗ್ಗೆಯಿಂದ ಮನಸ್ಸು ಹೇಳ್ತಾನೇ ಇದೆ. ಬಸ್ಸು ತಪ್ಪಿಹೋಗ್ಲಿ ಅಂತ. ಈ ಕೈ ಕೇಳ್ತಿಲ್ಲ. ಕೆಟ್ಟ ಕೆಲಸ ಮಾಡಿ ಅಭ್ಯಾಸ ಇಲ್ಲ ಅದಕ್ಕೆ.”

ಅವಳಿಗೆ ಕುರ್ಚಿ ಬೇಕಾಯಿತು. ಕೂತಳು.

“ಹೋದವಾರ ‘ಒಳ್ಳೇದು’ ಅಂದ್ರಿ.”

“ಇನ್ನೇನು ಅನ್ಲಿ? ಹೋಗ್ಬೇಡಿ ಅನ್ನೋಕೆ ನಾನ್ಯಾರು? ನೀವು ನುಡಿಸೋದನ್ನ ನಾಲ್ಕು ಜನ ಕೇಳ್ಬೇಕು, ಅದೂ ನಿಜ ತಾನೇ?”

“ಭಾವ ಎಷ್ಟು ಸಲ ಹೇಳಿದ್ರು ಗೊತ್ತಾ, ಈ ಬ್ರಿಡ್ಜ್ ಬಿಸಾಕಿ ಹೊಸದು ಹಾಕಿಸ್ಕೋ ಅಂತ?” ಅವಳ ದನಿ ತಗ್ಗಿತು. “ಹೊಸದು ಹಾಕಿಸಿದ್ರೆ ಇಲ್ಲಿಗೆ ಯಾಕೆ ಬರ್ಲಿ?”

ಗಲ್ಲಾದ ಕಡೆ ಕುರ್ಚಿ ಸರಿದ ಶಬ್ದ. “ಒಲೆ ಮೇಲೆ ಹಾಲಿಟ್ಟಿದ್ದೆ,” ಅನ್ನುತ್ತಾ ತಾಯಿ ಒಳಗೆ ಹೋದರು. ಒಲೆ ಹಚ್ಚಿದ ಸದ್ದು ಆಮೇಲೆ ಕೇಳಿಸಿತು.

ಅವನು ತಂತಿ ಕಟ್ಟಿದ. ಶ್ರುತಿ ತೋರಿಸುವ ಟ್ಯೂನರ್ ನೋಡುತ್ತಾ ದಿಂಬನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದ, ಮುಂದೆ ಸರಿಸಿದ. ಅವಳು ಬಗ್ಗಿ ಮೂರನೇ ತಂತಿಯನ್ನು ಮೀಟಿದಳು. ಕರಕರ ಇಲ್ಲ, ಒಂದೇ ಸ್ವರ, ತುಂಬಿಕೊಂಡು ನಿಂತಿತು. ಅದು ಇಳಿಯುವವರೆಗೆ ಇಬ್ಬರೂ ಉಸಿರಾಡಿದಂತಿರಲಿಲ್ಲ.

“ಆರು ತಿಂಗಳು,” ಅಂದಳು. “ಕಾಯ್ತೀರಾ?”

“ಗಿರಾಕಿ ಅಂತಾನಾ?”

“ಗಿರಾಕಿ ಅಂತ ಕಾಯೋದಾದ್ರೆ ಬೇಡ.”

ಅವನು ‘ಕಾಯ್ತೀನಿ’ ಅನ್ನುವಂತೆ ತಲೆಯಾಡಿಸಿದ. ಗಿಟಾರಿನ ಪೆಟ್ಟಿಗೆಯ ಬಕಲ್ ಹಾಕುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿ, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅಲ್ಲಿ ಉಳಿಯಿತು. ಆಮೇಲೆ ಅವಳು ಓಡಿದಳು.

ಬಸ್ಸು ಊರು ದಾಟುವ ಹೊತ್ತಿಗೆ ಫೋನು ಬಂತು. ಭಾವ ಪಕ್ಕದಲ್ಲೇ ಇದ್ದರು, ಹಾಗಾಗಿ ಇದು ಅವರದಲ್ಲ. ಎತ್ತಿದಳು. ಆ ಕಡೆ ಬರೀ ಉಸಿರು. ಹಿಂದಿನಿಂದ ತಾಯಿಯ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು: “ಏನಾದ್ರೂ ಮಾತಾಡೋ ಬೇಗ!”

“ಊಟ ಆಯ್ತಾ ಮೇಡಂ?” ಅಂದ ಅವನು.

ಬೆಳಿಗ್ಗೆಯಿಂದ ಎದೆಯಲ್ಲಿ ಸುತ್ತುತ್ತಿದ್ದದ್ದು ನಗುವಾಗಿ ಉಕ್ಕಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಭಾವ ಹುಬ್ಬೇರಿಸಿದರು. ಅವಳು ಕಿಟಕಿಯ ಕಡೆ ತಿರುಗಿ, ಫೋನನ್ನು ಕೆನ್ನೆಗೆ ಒತ್ತಿಕೊಂಡಳು.

“ಇಲ್ಲ ಕಣೋ,” ಅಂದಳು ಮೆಲ್ಲಗೆ. “ನಿಂದಾಯ್ತಾ?”