ಆರು ಬಲ್ಬು, ಅರ್ಧ ಗಂಟೆ

“ರೀ, ನೋಡ್ರಿ ಇದನ್ನ! ಪ್ಲಗ್ ವೈರೇ ಕೊಟ್ಟಿಲ್ಲ. ಮೋಸ ಮಾಡ್ಯಾರೆ!”

ಕೌಂಟರಿನ ಮೇಲೆ ಧಡ್ ಎಂದು ಬಂದು ಕೂತದ್ದು ಅಂಗೈಯಗಲದ ಒಂದು ಕಪ್ಪು ಚಾರ್ಜರ್. ಅದರ ಹಿಂದೆ, ಹೆಲ್ಮೆಟ್ಟನ್ನೂ ತೆಗೆಯದೆ ಏದುಸಿರು ಬಿಡುತ್ತಿದ್ದ ಒಬ್ಬ ಹುಡುಗ. ರಶ್ಮಿತಾ ಕೈಯಲ್ಲಿದ್ದ ಸೋಲ್ಡರಿಂಗ್ ಐರನ್ ಕೆಳಗಿಟ್ಟಳು.

“ಮೊದ್ಲು ಹೆಲ್ಮೆಟ್ ತೆಗೀರಿ. ನಮ್ಮ ಅಂಗ್ಡೀಲಿ ಏನೂ ಸಿಡಿಯಲ್ಲ.”

ಅವನು ತೆಗೆದ. ತೆಗೆಯದಿದ್ದರೇ ಚೆನ್ನಾಗಿತ್ತೇನೋ. ಒತ್ತಿಹೋದ ಕೂದಲು, ಹಣೆಯ ಮೇಲೊಂದು ಕೆಂಪು ಗೆರೆ, ಸಿಟ್ಟಿನ ನಡುವೆಯೇ ಇಣುಕಿದ ನಾಚಿಕೆಯ ನಗು. ಗಿರಾಕಿಯನ್ನು ಎಷ್ಟು ಹೊತ್ತು ನೋಡಬೇಕೋ ಅದಕ್ಕಿಂತ ಎರಡು ಸೆಕೆಂಡು ಹೆಚ್ಚೇ ನೋಡಿಬಿಟ್ಟಳು ನಮ್ಮ ರಶ್ಮಿತಾ.

“ಮೋಸ ಅಲ್ರಿ. ಇದು ಗೋಡೆ ಪ್ಲಗ್ಗಿಗೆ ಹಾಕೋದೇ ಅಲ್ಲ. ಕರೆಂಟನ್ನ ಹನ್ನೆರಡಕ್ಕೋ ಇಪ್ಪತ್ನಾಲ್ಕು ವೋಲ್ಟಿಗೋ ಇಳಿಸಿ ಕೊಡೋ ಡಬ್ಬಿ ಬೇರೆ ತಗೋಬೇಕು. ಪವರ್ ಸಪ್ಲೈ ಅಂತ.”

“ಹಂಗಾದ್ರೆ ನಾನು ಫೋನ್ ಮಾಡಿ ಆ ಕಂಪನಿಯೋರಿಗೆ ಬೈದದ್ದು?”

“ದಂಡ.”

ಅವನು ತಲೆ ಕೆರೆದುಕೊಂಡು ಜೋರಾಗಿ ನಕ್ಕ. ತನ್ನ ತಪ್ಪಿಗೆ ತಾನೇ ಅಷ್ಟು ಜೋರಾಗಿ ನಗುವ ಗಂಡಸನ್ನು ರಶ್ಮಿತಾ ಅದುವರೆಗೆ ನೋಡಿರಲಿಲ್ಲ.

ಕೆ.ಬಿ. ಬಡಾವಣೆಯ ಈ ಎಲೆಕ್ಟ್ರಾನಿಕ್ಸ್ ಅಂಗಡಿ ಅವಳ ಅಪ್ಪ ಕೊಟ್ಟೂರಪ್ಪನವರದು. ಡಿಪ್ಲೊಮಾ ಮುಗಿಸಿದ ಮೇಲೆ ಕೌಂಟರ್ ಅವಳ ಕೈಗೆ ಬಂದಿತ್ತು. ಹುಡುಗನ ಹೆಸರು ಬಸವಕಿರಣ್. ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೋಹ ಕೊರೆಯುವ ಸಿ.ಎನ್.ಸಿ. ಮಷಿನ್ ಓಡಿಸುವವನು. ರಜೆ ಬಂತೆಂದರೆ ಕೊಂಡಜ್ಜಿ ಕೆರೆಯ ಬಯಲಿಗೆ ಹೋಗಿ, ತಾನೇ ಕೈಯಾರೆ ಮಾಡಿದ ವಿಮಾನವನ್ನು ರಿಮೋಟಿನಲ್ಲಿ ಹಾರಿಸುತ್ತಾನಂತೆ.

“ಬ್ಯಾಟರಿ ಎಷ್ಟು ಸೆಲ್ಲಿಂದು?”

“ಆರು.”

“ಎಷ್ಟು ಆಂಪಿಯರ್ ಬೇಕು?”

“ಹತ್ತು. ಅರ್ಧ ಗಂಟೇಲಿ ತುಂಬಬೇಕ್ರಿ.”

ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನ ಮೇಲೆ ಅವಳು ಲೆಕ್ಕ ಹಾಕಿದಳು. ಇಪ್ಪತ್ತೈದು ವೋಲ್ಟು, ಹತ್ತು ಆಂಪಿಯರ್, ಇನ್ನೂರೈವತ್ತು ವ್ಯಾಟು. ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಮುನ್ನೂರರ ಹತ್ತಿರ. ಹನ್ನೆರಡು ವೋಲ್ಟಿನ ಡಬ್ಬಿಯಿಂದ ಅಷ್ಟನ್ನು ಎಳೆಯಬೇಕೆಂದರೆ ಇಪ್ಪತ್ತೈದು ಆಂಪಿಯರ್ ಬೇಕು. ಚಾರ್ಜರಿನ ಬೆನ್ನ ಮೇಲೋ ಇಪ್ಪತ್ತೇ ಮಿತಿ ಎಂದು ಬರೆದಿದೆ. ಅಂದ ಮೇಲೆ ಹನ್ನೆರಡರ ಮಾತೇ ಬೇಡ. 24 ವೋಲ್ಟು, 15 ಆಂಪಿಯರ್. ಬರೆದು, ಕೆಳಗೆ ಎರಡು ಗೆರೆ ಎಳೆದಳು.

ಆ ಡಬ್ಬಿ ಮೂರನೇ ಶೆಲ್ಫಿನಲ್ಲಿ ಕಣ್ಣೆದುರೇ ಇತ್ತು. ಅವಳ ಕೈ ಮಾತ್ರ ಎರಡನೇ ಶೆಲ್ಫಿಗೆ ಹೋಯಿತು.

ಕಾರಣ ಇಷ್ಟೇ. ಕೊಟ್ಟೂರಪ್ಪನವರ ಅಂಗಡಿಯಲ್ಲಿ ಸರಿಯಾದ ಸಪ್ಲೈ ಕೊಂಡವರು ಹತ್ತು ವರ್ಷ ಈ ಕಡೆ ತಲೆ ಹಾಕುವುದಿಲ್ಲ. ಮಾಲು ಅಷ್ಟು ಗಟ್ಟಿ. ಈ ನಗು ಹತ್ತು ವರ್ಷ ಕಣ್ಣಿಗೆ ಬೀಳುವುದಿಲ್ಲ ಎಂಬ ಯೋಚನೆ ಬಂದದ್ದೇ ತಡ, ಅವಳ ಕೈ ದಾರಿ ತಪ್ಪಿತ್ತು.

“ಸದ್ಯಕ್ಕೆ ಇದನ್ನ ಹಾಕಿ ನೋಡ್ರಿ. ಹನ್ನೆರಡು ವೋಲ್ಟು, ಹತ್ತು ಆಂಪಿಯರ್,” ಎಂದಳು, ಅವನ ಕಣ್ಣು ತಪ್ಪಿಸಿ.

ಅವನು ಹಾಳೆಯನ್ನೊಮ್ಮೆ, ಡಬ್ಬಿಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

“ನೀವು ಕೊಟ್ಟ ಮೇಲೆ ಮುಗೀತು ಬಿಡ್ರಿ.”

ಹಾಗೆಂದು ಹೊರಡುವಂತಿರಲಿಲ್ಲ. ಈ ಅಂಗಡಿಯಲ್ಲೊಂದು ಕಟ್ಟುಪಾಡಿದೆ. ಯಾವ ಸಪ್ಲೈ ಆದರೂ ಕಾರಿನ ಹೆಡ್‌ಲೈಟ್ ಬಲ್ಬುಗಳನ್ನು ಅರ್ಧ ಗಂಟೆ ಉರಿಸಿ ತೋರಿಸಿದ ಮೇಲೇ ಬಾಗಿಲು ದಾಟಬೇಕು. ಸುಡುವುದಿದ್ದರೆ ನಮ್ಮ ಕಣ್ಣ ಮುಂದೆ ಸುಡಲಿ ಎನ್ನುತ್ತಿದ್ದರು ಕೊಟ್ಟೂರಪ್ಪ. ಅದಕ್ಕೆಂದೇ ಆರು ಬಲ್ಬು ಕೂರಿಸಿದ ಒಂದು ಹಲಗೆ, ಗಿರಾಕಿಗೆ ಕೂರಲು ಒಂದು ಸ್ಟೂಲು. ಮುಗಿದ ಮೇಲೆ ವೈರು ಸಿಕ್ಕಿಸುವ ಸ್ಕ್ರೂಗಳ ತಲೆಗೆ ರಶ್ಮಿತಾ ತನ್ನ ಕೆಂಪು ನೇಲ್ ಪಾಲಿಶ್ ಹಚ್ಚುತ್ತಿದ್ದಳು. ಅದೇ ಅಂಗಡಿಯ ಸೀಲು.

ಅವತ್ತು ಉರಿದದ್ದು ಎರಡು ಬಲ್ಬು. ಎದುರಿನ ಹಿದಾಯತ್ ಅಣ್ಣನ ಹೋಟೆಲಿನಿಂದ ಎರಡು ಟೀ ಬಂತು.

“ವಿಮಾನಕ್ಕೆ ಹೆಸರೈತಾ?” ಎಂದು ಕೇಳಿದಳು.

“ಇನ್ನೂ ಇಟ್ಟಿಲ್ರಿ. ನಿಮ್ಮ ಹೆಸರೇನು?”

“ಯಾಕ? ಅದಕ್ಕೆ ಇಡ್ತೀರಾ?”

“ಬ್ಯಾಡ್ರಿ, ಅದು ಎರಡು ಸಲ ಮೂಗು ಮುರ್ಕಂಡೈತೆ.”

ಅವಳು ನಗು ತಡೆಯಲಾಗದೆ ಟೀ ಚೆಲ್ಲಿಕೊಂಡು, ಹೆಸರು ಹೇಳಿದಳು. ಅರ್ಧ ಗಂಟೆ ಇಷ್ಟು ಬೇಗ ಮುಗಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಬುಧವಾರ ಅವನು ಬಂದೇ ಬಂದ. ಬೈಕಿನ ಸದ್ದು ಕೇಳುತ್ತಲೇ ಅವಳು ಕೂದಲು ಸರಿಮಾಡಿಕೊಂಡಳು.

“ಆಗ್ಲಿಲ್ರಿ. ಸ್ವಲ್ಪ ಹೊತ್ತು ಓಡಿ ಆಫ್ ಆಗ್ತೈತೆ,” ಎನ್ನುತ್ತ ಡಬ್ಬಿಯನ್ನು ಕೌಂಟರಿನ ಮೇಲಿಟ್ಟ. ಮುಖದಲ್ಲಿ ಬೇಸರ ಇರಬೇಕಿತ್ತು. ಇರಲಿಲ್ಲ.

“ಅಯ್ಯೋ ಪಾಪ,” ಎಂದಳು ಕಳ್ಳಿ, ಡಬ್ಬಿಯನ್ನು ನೋಡದೆಯೇ ಪಕ್ಕಕ್ಕೆ ಸರಿಸಿ. “ಹಂಗಾದ್ರೆ ಇಪ್ಪತ್ತು ಆಂಪಿಯರಿಂದು ತಗೊಂಡು ಹೋಗ್ರಿ.”

ಅದೂ ಹನ್ನೆರಡು ವೋಲ್ಟಿನದೇ, ಅದೂ ಸಾಲದು. ನಾಲ್ಕು ಬಲ್ಬು ಉರಿದವು, ಮತ್ತೆ ಟೀ ಬಂತು. ಆದರೆ ಈ ಸಲ ಅವನು ಹೇಳಿದ ಒಂದು ಮಾತಿಗೆ ಅವಳು ಟೀ ಲೋಟ ಕೆಳಗಿಟ್ಟಳು.

“ಈ ಭಾನುವಾರ ಕೊಂಡಜ್ಜೀಲಿ ಸ್ಕೌಟ್ಸ್ ಕ್ಯಾಂಪ್ ಐತ್ರಿ. ಇಪ್ಪತ್ನಾಲ್ಕು ಮಕ್ಳು. ಒಬ್ಬೊಬ್ರ ಕೈಗೂ ರಿಮೋಟ್ ಕೊಡ್ತೀನಿ ಅಂತ ಮಾತು ಕೊಟ್ಟೀನಿ. ನನ್ನ ಹತ್ರ ಇರೋದು ಎರಡೇ ಬ್ಯಾಟರಿ. ಹಳೇ ಚಾರ್ಜರಿಗೆ ಒಂದೊಂದಕ್ಕೆ ಎರಡೂವರೆ ತಾಸು ಬೇಕು. ಅದಕ್ಕೇ ಈ ಹೊಸ ಚಾರ್ಜರ್ ತರ್ಸಿದ್ದು.”

ಇಪ್ಪತ್ನಾಲ್ಕು ಮಕ್ಕಳು! ಆಗಲೇ ಕೈ ಚಾಚಿ ಮೂರನೇ ಶೆಲ್ಫಿನದನ್ನು ಇಳಿಸಿ ಕೊಡಬಹುದಿತ್ತು. ಇನ್ನೊಂದೇ ಒಂದು ಭೇಟಿ, ಶನಿವಾರ ಕೊಟ್ಟರಾಯಿತು ಎಂದು ಮನಸ್ಸು ಗೋಗರೆಯಿತು.

“ಇದೂ ಆಗ್ಲಿಲ್ಲ ಅಂದ್ರೆ ಶನಿವಾರ ಬರ್ರಿ. ತಪ್ಪಿಸ್ಬ್ಯಾಡ್ರಿ,” ಎಂದಳು.

“ಬರ್ತೀನಿ.”

ಶನಿವಾರ ಅವನು ಬರಲಿಲ್ಲ. ಬೆಳಿಗ್ಗೆಯಿಂದ ಒಂದೊಂದು ಬೈಕಿಗೂ ಅವಳ ಕತ್ತು ಹೊರಳಿತು. ಮಧ್ಯಾಹ್ನ ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್ಕಿಗೆ ಯು.ಪಿ.ಎಸ್. ಕೊಟ್ಟು ಬರಲು ಹೋದದ್ದೊಂದು ಮುಕ್ಕಾಲು ಗಂಟೆ ಬಿಟ್ಟರೆ ಕೌಂಟರ್ ಬಿಟ್ಟು ಕದಲಿರಲಿಲ್ಲ. ಫೋನ್ ಮಾಡೋಣವೆಂದರೆ ನಂಬರಿಲ್ಲ. ಎರಡು ಸಲ ಅರ್ಧರ್ಧ ಗಂಟೆ ಎದುರುಬದುರು ಕೂತರೂ ನಂಬರ್ ಕೇಳುವ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ.

ಸಂಜೆ ಬಾಗಿಲು ಹಾಕುವ ಮುಂಚೆ, ಅವನು ಬುಧವಾರ ಮರಳಿಸಿದ್ದ ಡಬ್ಬಿಯನ್ನು ಶೆಲ್ಫಿಗಿಡಲು ಎತ್ತಿಕೊಂಡಳು. ಎತ್ತಿಕೊಂಡವಳು ನಿಂತೇಬಿಟ್ಟಳು.

ಸ್ಕ್ರೂಗಳ ಮೇಲಿನ ಕೆಂಪು ಹಾಗೇ ಇತ್ತು. ಒಂದು ಬಿರುಕಿಲ್ಲ, ಒಂದು ಗೀರಿಲ್ಲ. ಸ್ಕ್ರೂ ತಿರುಗಿಸದೆ ವೈರು ಸಿಕ್ಕಿಸುವುದಾದರೂ ಹೇಗೆ? ಇದು ಒಂದು ನಿಮಿಷವೂ ಓಡಿಲ್ಲ. ಸ್ವಲ್ಪ ಹೊತ್ತು ಓಡಿ ಆಫ್ ಆಯಿತಂತೆ! ಹಸಿ ಸುಳ್ಳು!

ಹಾಗಾದರೆ ಅವನು ಬಂದದ್ದು ಯಾತಕ್ಕೆ?

ಗೊತ್ತಾಯಿತು. ಗೊತ್ತಾದೊಡನೆ ಅಂಗಡಿಯ ಅಷ್ಟೂ ಬಲ್ಬು ಒಟ್ಟಿಗೆ ಉರಿಸಬೇಕೆನ್ನಿಸಿತು ಅವಳಿಗೆ. ಖುಷಿಗೆ ಡಬ್ಬಿಯನ್ನೇ ಅವುಚಿಕೊಂಡಳು. ಮರುಕ್ಷಣವೇ ಅದನ್ನು ಕೌಂಟರಿನ ಮೇಲಿಟ್ಟುಬಿಟ್ಟಳು. ಅವನ ಕೈಯಲ್ಲಿರುವುದೂ ತಾನು ಕೊಟ್ಟ ತಪ್ಪು ಡಬ್ಬಿಯೇ. ನಾಳೆ ಬೆಳಿಗ್ಗೆ ಆ ಮಕ್ಕಳ ಮುಂದೆ ಅವನು ಏನು ಮಾಡುತ್ತಾನೆ?

ಭಾನುವಾರ ಬೆಳಗಾಗುತ್ತಲೇ ಮೂರನೇ ಶೆಲ್ಫಿನ ಡಬ್ಬಿ ಅವಳ ಸ್ಕೂಟಿಯ ಮುಂದಿತ್ತು.

“ಎಲ್ಲಿಗವ್ವಾ?” ಎಂದರು ಕೊಟ್ಟೂರಪ್ಪ, ಕೈಯಲ್ಲಿ ಪೇಪರು ಹಿಡಿದು.

“ಕೊಂಡಜ್ಜಿಗೆ, ಅಪ್ಪಾಜಿ. ಒಬ್ರಿಗೆ ತಪ್ಪು ಸಪ್ಲೈ ಕೊಟ್ಟೀನಿ.”

“ನೀನಾ? ತಪ್ಪಾ?” ಅವರು ಕನ್ನಡಕ ಇಳಿಸಿ ಮಗಳ ಕೆನ್ನೆಯ ಬಣ್ಣ ನೋಡಿದರು. “ಅದೇ ಹರಿಹರದ ಹುಡುಗನಿಗೇನು? ಹಿದಾಯತ್ ಹೇಳ್ತಿದ್ದ.”

ಅವಳು ಬಗ್ಗಿ ಡಬ್ಬಿಯನ್ನು ಸರಿಮಾಡತೊಡಗಿದಳು.

“ಟೆಸ್ಟ್ ಆಗೈತಾ ಅದು?”

“ಇಲ್ಲ ಅಪ್ಪಾಜಿ. ಹೊತ್ತಾಗ್ತದೆ.”

“ಹೊತ್ತಾದ್ರೆ ಆಗ್ಲಿ. ಅಂಗಡಿ ಕಟ್ಟುಪಾಡು ಬಿಡಂಗಿಲ್ಲ.” ಅಂಗಡಿಯೊಳಗೆ ಹೋದವರು ಬಲ್ಬಿನ ಹಲಗೆ ತಂದು, ತಾವೇ ಹಗ್ಗ ಹಾಕಿ ಹಿಂದಿನ ಸೀಟಿಗೆ ಬಿಗಿದರು. “ಅಲ್ಲೇ ಉರಿಸು. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ. ಅವನನ್ನೂ ಕೂರ್ಸು ಮುಂದೆ.”

ಅಪ್ಪನನ್ನು ಅಲ್ಲೇ ತಬ್ಬಿಕೊಳ್ಳಬೇಕೆನ್ನಿಸಿತು. ಸ್ಕೂಟಿ ಸ್ಟಾರ್ಟ್ ಮಾಡಿದಳು.

ಕೊಂಡಜ್ಜಿ ತಲುಪಿದಾಗ ಕೆರೆಯ ಮೇಲೆ ಎಳೆಬಿಸಿಲು. ಕ್ಯಾಂಪಿನ ಬಯಲಿನಲ್ಲಿ ಹಳದಿ ರೆಕ್ಕೆಯ ವಿಮಾನ ಹುಲ್ಲಿನ ಮೇಲೆ ಸುಮ್ಮನೆ ಕೂತಿತ್ತು. ಸುತ್ತ ನೀಲಿ ಸ್ಕಾರ್ಫಿನ ಮಕ್ಕಳು. “ಸಾರ್, ಮತ್ತೆ ಯಾವಾಗ ಸಾರ್?” ಎಂಬ ಗಲಾಟೆ. ಎರಡು ಬ್ಯಾಟರಿಯೂ ಮುಗಿದು, ಆರು ಮಕ್ಕಳ ಸರದಿಯಷ್ಟೇ ಆಗಿತ್ತು. ವರಾಂಡದಲ್ಲಿ ಹಳೇ ಚಾರ್ಜರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಬಸವಕಿರಣ್ ತಲೆಯೆತ್ತಿದ. ಅವಳನ್ನು ಕಂಡವನೇ ಎದ್ದ ರಭಸಕ್ಕೆ ಕಂಬಕ್ಕೆ ತಲೆ ಬಡಿಸಿಕೊಂಡ.

ಅವಳು ಅವನಿಗೆ ಮಾತಾಡಲು ಬಿಡಲಿಲ್ಲ. ಬಿಟ್ಟರೆ ತನ್ನ ಧೈರ್ಯ ಇಳಿದುಹೋಗುತ್ತದೆಂದು ಗೊತ್ತಿತ್ತು.

“ತಪ್ಪು ನಂದು. ಮೊದ್ಲನೇ ದಿನಾನೇ ಗೊತ್ತಿತ್ತು ನಂಗೆ, ನಿಮಗೆ ಬೇಕಾದ್ದು ಇದು ಅಂತ. ಬೇಕಂತಲೇ ಬೇರೆ ಕೊಟ್ಟೆ. ಎರಡು ಸಲಾನೂ. ಸರಿಯಾದ್ದು ಕೊಟ್ರೆ ನೀವು ಮತ್ತೆ ಬರಲ್ಲ ಅಂತ.”

ಅಷ್ಟು ಹೇಳಿ ಡಬ್ಬಿ ಮುಂದೆ ಚಾಚಿದಳು.

ಅವನು ಡಬ್ಬಿ ತೆಗೆದುಕೊಳ್ಳಲಿಲ್ಲ. ಜೇಬಿಗೆ ಕೈ ಹಾಕಿ, ಮಡಚಿ ಮಡಚಿ ಮೆತ್ತಗಾಗಿದ್ದ ಕ್ಯಾಲೆಂಡರ್ ಹಾಳೆ ಬಿಚ್ಚಿದ. 24 ವೋಲ್ಟು, 15 ಆಂಪಿಯರ್. ಕೆಳಗೆ ಎರಡು ಗೆರೆ.

“ನನಗೂ ಗೊತ್ತಿತ್ತು. ದಿನಾ ಮಷಿನ್ ಮುಂದೆ ಲೆಕ್ಕ ಹಾಕೋನು ನಾನು, ಇಷ್ಟು ಓದಾಕ್ಕೆ ಬರಲ್ವಾ? ಸರಿಯಾದ್ದೇ ಕೊಡ್ರಿ ಅಂದಿದ್ರೆ ಬುಧವಾರ ಏನು ನೆಪ ಹೇಳ್ಕಂಡು ಬರ್ಲಿ?”

“ಅದಕ್ಕೇ ಡಬ್ಬಿ ಬಿಚ್ಚೂ ನೋಡ್ಲಿಲ್ಲ ನೀವು! ಕೆಂಪು ಹಂಗೇ ಇತ್ತು.”

“ನೀವು ಹಚ್ಚಿದ್ದು. ಒಡೆಯಾಕ್ಕೆ ಮನಸ್ಸು ಬರಲಿಲ್ಲ.”

ಆ ಮಾತಿಗೆ ಅವಳ ಕಿವಿಯ ತುದಿಯವರೆಗೂ ಬಿಸಿಯಾಯಿತು. ಆದರೂ ಬಿಡಲಿಲ್ಲ. “ಮತ್ತೆ ನಿನ್ನೆ ಯಾಕ ಬರ್ಲಿಲ್ಲ? ಈ ಮಕ್ಳ ಗತಿ?”

“ಬಂದಿದ್ದೆ. ಮಧ್ಯಾಹ್ನ. ಕೌಂಟರಲ್ಲಿ ನಿಮ್ಮ ಅಪ್ಪಾರು ಇದ್ರು. ಇಪ್ಪತ್ನಾಲ್ಕು ವೋಲ್ಟಿಂದು ಕೇಳಿದ್ರೆ ಕೊಟ್ಟೇಬಿಡ್ತಿದ್ರು. ಅಲ್ಲಿಗೆ ಎಲ್ಲಾ ಮುಗಿದೇಹೋಗ್ತಿತ್ತು.” ಅವನು ಮಕ್ಕಳ ಕಡೆ ನೋಡಿದ. “ಕೆಟ್ಟ ಕೆಲ್ಸ ಮಾಡಿದೆ. ರಾತ್ರಿ ಪೂರ್ತಿ ನನ್ನನ್ನ ನಾನೇ ಬೈಕಂಡೆ. ಆದ್ರೂ ನೀವಿಲ್ದ ಅಂಗ್ಡಿಗೆ ಕಾಲಿಡಾಕ್ಕೆ ಆಗ್ಲಿಲ್ಲ, ರಶ್ಮಿತಾ.”

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

“ಟೆಸ್ಟ್ ಆಗ್ಬೇಕು,” ಎಂದಳು ಕಣ್ಣೊರೆಸಿಕೊಂಡು. “ಅಪ್ಪಾಜಿ ಹೇಳ್ಯಾರೆ.”

ಮಕ್ಕಳು ಉಪ್ಪಿಟ್ಟು ತಿನ್ನಲು ಹೋದರು. ವರಾಂಡದ ಮೆಟ್ಟಿಲ ಮೇಲೆ ಹಲಗೆ ಇಟ್ಟರು, ವೈರು ಸಿಕ್ಕಿಸಿದರು. ಈ ಸಲ ಎರಡಲ್ಲ, ನಾಲ್ಕಲ್ಲ, ಆರೂ ಬಲ್ಬು ಹಾಡಹಗಲಲ್ಲಿ ಝಗ್ಗೆಂದು ಉರಿದವು. ನಡುವೆ ಒಂದು ಗೇಣು ಬಿಟ್ಟು ಇಬ್ಬರೂ ಕೂತರು. ಹತ್ತು ನಿಮಿಷದಲ್ಲಿ ಆ ಗೇಣು ಉಳಿದಿರಲಿಲ್ಲ. ಅವನ ಕೈ ಅವಳ ಕೈ ಮೇಲಿತ್ತು, ಇಬ್ಬರೂ ಬಲ್ಬುಗಳನ್ನೇ ಬಹಳ ಗಂಭೀರವಾಗಿ ನೋಡುತ್ತಿದ್ದರು.

ಅರ್ಧ ಗಂಟೆಯಾಯಿತು. ಡಬ್ಬಿ ಬೆಚ್ಚಗಾಗಿತ್ತು ಅಷ್ಟೇ. ಅವನು ತಂದಿದ್ದ ಹೊಸ ಚಾರ್ಜರಿನ ವೈರು ಸಿಕ್ಕಿಸಿ, ಅವಳು ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದು ಸ್ಕ್ರೂಗಳಿಗೆ ಒಂದೊಂದೇ ಹನಿ ಇಟ್ಟಳು. ಪಕ್ಕದಲ್ಲಿ ಅವನು ಹೆಬ್ಬೆರಳು ಚಾಚಿ ಕೂತಿದ್ದ.

“ಏನದು?”

“ನಾನೂ ಅರ್ಧ ಗಂಟೆ ಕೂತಿದ್ನಲ್ಲ. ಪಾಸೋ ಫೇಲೋ?”

ಅವಳು ತುಟಿ ಕಚ್ಚಿ ನಗುತ್ತ ಅವನ ಉಗುರಿನ ಮೇಲೂ ಒಂದು ಕೆಂಪು ಹನಿ ಇಟ್ಟಳು. ಊದಿ ಒಣಗಿಸಿದಳು ಕೂಡ.

ಹತ್ತು ಆಂಪಿಯರಿನಲ್ಲಿ ಬ್ಯಾಟರಿ ಗುಟುಗುಟು ಎಂದು ತುಂಬಿತು. ಮಧ್ಯಾಹ್ನ ಊಟದ ಹೊತ್ತು ಮೀರಿದರೂ ಕೇಳದೆ, ಉಳಿದ ಹದಿನೆಂಟು ಮಕ್ಕಳೂ ರಿಮೋಟ್ ಹಿಡಿದರು. ಹಳದಿ ವಿಮಾನ ಕೆರೆಯ ಮೇಲೆ ಸುತ್ತು ಹೊಡೆದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ಕಿರುಚಿದವಳು ರಶ್ಮಿತಾ.

ಮುಂದಿನ ಶನಿವಾರ ಅಂಗಡಿಯ ಮುಂದೆ ಬೈಕು ನಿಂತಿತು. ಬಸವಕಿರಣ್ ಹೆಲ್ಮೆಟ್ ತೆಗೆದು ಒಳಗೆ ಬಂದ. ಕೌಂಟರಿನಲ್ಲಿ ಕೊಟ್ಟೂರಪ್ಪನವರಿದ್ದರು. ಒಳಗೆ ಸೋಲ್ಡರಿಂಗ್ ಮಾಡುತ್ತಿದ್ದ ರಶ್ಮಿತಾ ಕೆಲಸ ಬಿಟ್ಟು ಕಿವಿ ನಿಮಿರಿಸಿದಳು.

“ಬರ್ರಿ. ಏನು ಬೇಕಿತ್ತು?”

ಅವನ ಕೈಯಲ್ಲಿ ಚಾರ್ಜರಿಲ್ಲ, ಡಬ್ಬಿಯಿಲ್ಲ. ಹೇಳಲು ಒಂದು ನೆಪವೂ ಇಲ್ಲ.

“ಏನೂ ಬ್ಯಾಡ್ರಿ,” ಎಂದ.

ಕೊಟ್ಟೂರಪ್ಪ ಕನ್ನಡಕ ಇಳಿಸಿದರು. ಅವನ ಹೆಬ್ಬೆರಳಿನ ಉಗುರಿನ ಮೇಲೆ ವಾರವಾಗುತ್ತ ಬಂದರೂ ಒಡೆಯದೆ ಉಳಿದ ಕೆಂಪನ್ನು ಒಂದು ಕ್ಷಣ ನೋಡಿದರು. ಆಮೇಲೆ ಹಿದಾಯತ್‌ಗೆ ಮೂರು ಟೀ ಎಂದು ಕೂಗಿ, ಸ್ಟೂಲನ್ನು ಅವನ ಕಡೆ ತಳ್ಳಿದರು.

“ಹಂಗಾದ್ರೆ ಕೂಡ್ರಿ.”